ರಸ್ತೆಗೆ ಉಪ್ಪು ಹಾಕಿದ ದಿನ

ಹಳೆ ಚಾಪೆಲ್ ಮನೆ,
ನಾಂಟ್‌ವೆನ್, ವೇಲ್ಸ್
ಭಾನುವಾರ, ಏಪ್ರಿಲ್ 7

ನನ್ನ ಮುದ್ದಿನ ಗ್ವೆನ್ನೊ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಕಾಗದ ಬಂದಾಗ ಹಿತ್ತಿಲ ಗೋಡೆಯ ಬುಡದಲ್ಲಿ ಹಿಮಹೂಗಳು ಆಗಷ್ಟೇ ತಲೆ ಎತ್ತಿದ್ದವು. ಈಗ ಡ್ಯಾಫೊಡಿಲ್‌ಗಳೂ ಬಾಡಿ ಮಲಗಿವೆ, ನಿನ್ನ ಅಕ್ಕ ಈಗ ಉತ್ತರ ಬರೆಯಲು ಕೂತಿದ್ದಾಳೆ. ಫೆಬ್ರವರಿಯಲ್ಲಿ ನಿನ್ನ ಹುಟ್ಟುಹಬ್ಬಕ್ಕೆ ಒಂದು ಕಾರ್ಡು ಕೂಡ ಕಳಿಸಲಿಲ್ಲ. ಮರೆತೆ ಅಂದುಕೊಳ್ಳಬೇಡ. ಕುರಿಮರಿಯ ಚಿತ್ರವಿದ್ದ ಕಾರ್ಡು ತಂದಿಟ್ಟಿದ್ದೆ, ಒಳಗೆ ಏನು ಬರೆಯಬೇಕೋ ತೋಚಲಿಲ್ಲ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನಾನು ಜಗಳಕ್ಕೆ ನಿಲ್ಲುತ್ತೇನೆ, ನಮ್ಮಿಬ್ಬರ ಹಣೆಬರಹವೇ ಅಷ್ಟು. ಕಾಗದವಾದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು.

ನಿಮ್ಮ ನ್ಯೂಜಿಲೆಂಡಿನಲ್ಲಿ ಈಗ ಚಳಿ ಶುರುವಾಗಿರಬೇಕು. ಮಂಡಿನೋವು ಹೇಗಿದೆ? ನಿನ್ನ ಬ್ರೆಟ್ ಈ ವರ್ಷವೂ ಉಣ್ಣೆ ಕತ್ತರಿಸಲು ಹೋಗುತ್ತಾನೋ, ಇಲ್ಲ ಕೊನೆಗೂ ಬೆನ್ನಿನ ಮಾತು ಕೇಳಿದನೋ? ಇಲ್ಲಿ ಮಳೆ. ಇಲ್ಲಿ ಇನ್ನೇನಿರುತ್ತದೆ ಹೇಳು. ಕುರಿಮರಿಗಳೆಲ್ಲ ಹುಟ್ಟಿದ ದಿನದಿಂದ ಬಿಸಿಲು ನೋಡಿಲ್ಲ, ಪಾಪ. ನಮ್ಮ ಚಿಕ್ಕಮ್ಮನ ಮಗಳು ಬ್ಲಾದ್ವೆನ್‌ಗೆ ಹೊಸ ಹಲ್ಲಿನ ಸೆಟ್ಟು ಬಂದಿದೆ. ಊರ ಸುದ್ದಿ ಈಗ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ.

ಸರಿ, ವಿಷಯಕ್ಕೆ ಬರುತ್ತೇನೆ. ನಿನ್ನ ಕಾಗದ ಇಡ್ವಾಲನ ಹೆಸರಿಗಿತ್ತು. ನನ್ನ ಗಂಡನಿಗೆ ನೀನು ಕಾಗದ ಬರೆದದ್ದು ಇದೇ ಮೊದಲು. ಅವನು ಅದನ್ನು ಬಾಗಿಲಲ್ಲಿ ನಿಂತು ಒಮ್ಮೆ ಓದಿದ, ಒಳಗೆ ಬಂದು ಕೂತು ಇನ್ನೊಮ್ಮೆ ಓದಿದ. ಆಮೇಲೆ ನನ್ನ ಕೈಗೆ ಕೊಟ್ಟು, "ಸರಿಯಾಗೇ ಬರ್ದಿದ್ದಾಳೆ ಬಿಡು" ಅಂದು ಕೆಟಲ್ ಇಡಲು ಹೋದ. ‘ನಿನ್ನ ತಗಡಿಗೆ ತುಕ್ಕು ಹಿಡಿಯಬಾರದು ಅಂತ ನಮ್ಮಮ್ಮನನ್ನು ಒಂಟಿಯಾಗಿ ಸಾಯಲು ಬಿಟ್ಟೆ’ ಅಂತ ಬರೆದಿದ್ದೀಯ. ಸೆಪ್ಟೆಂಬರಿನಲ್ಲಿ ಅಮ್ಮನ ಸಮಾಧಿಗೆ ಕಲ್ಲು ನಿಲ್ಲಿಸುವಾಗ ಇಡ್ವಾಲ್ ಅಲ್ಲಿ ಇರಕೂಡದು, ಅವನಿದ್ದರೆ ನೀನು ಬರುವುದಿಲ್ಲ ಅಂತಲೂ ಬರೆದಿದ್ದೀಯ. ಆ ಮಾತಿಗೆ ಉತ್ತರ ಕೊಡಲೆಂದೇ ಕೂತಿದ್ದೇನೆ. ಸ್ವಲ್ಪ ಸುತ್ತು ಬಳಸಿ ಬರುತ್ತೇನೆ, ನನ್ನ ಸ್ವಭಾವ ನಿನಗೆ ಹೊಸದಲ್ಲ.

ನೀನು ದೂರದಲ್ಲಿದ್ದವಳು. ಇಡ್ವಾಲನ ಹುಚ್ಚನ್ನು ಬಂದಾಗ ಹೋದಾಗ ನೋಡಿ ನಕ್ಕವಳು. ಅದರ ಜೊತೆ ಸಂಸಾರ ಮಾಡಿದವಳು ನಾನು. ಊರಿನ ಕ್ವಾರಿ ಮುಚ್ಚಿ, ಭಕ್ತರೂ ಕರಗಿ, ಪ್ರಾರ್ಥನಾಮಂದಿರವಾಗಿದ್ದ ಈ ಚಾಪೆಲ್ ಮಾರಾಟಕ್ಕೆ ಬಂದಾಗ ಜನ ಇದನ್ನು ಮನೆ ಮಾಡುತ್ತಾರೆ, ಹೋಟೆಲು ಮಾಡುತ್ತಾರೆ ಅಂದುಕೊಂಡಿದ್ದೆವು. ನನ್ನ ಗಂಡ ಕೊಂಡು ಹಳೆ ಲ್ಯಾಂಡ್ ರೋವರ್‌ಗಳನ್ನು ತುಂಬಿಸಿದ. ಪಕ್ಕದ ಪಾದ್ರಿಮನೆಯಲ್ಲಿ ನಾವು, ಒಳಗೆ ದೇವರ ಜಾಗದಲ್ಲಿ ಐದು ಗಾಡಿ. ಪ್ರಸಂಗ ಹೇಳುವ ಪೀಠದ ಮೇಲೆ ಗೇರ್ ಪೆಟ್ಟಿಗೆ. ಕೊಡೆ ಸಿಕ್ಕಿಸುವ ಜಾಗದಲ್ಲೆಲ್ಲ ಹಳೆ ಎಣ್ಣೆ ಡಬ್ಬಿ. ಗೋಡೆಯ ತುಂಬ ಅಂಗಡಿಗಳ ಎನಾಮಲ್ ಫಲಕ, ಹಿತ್ತಾಳೆಯ ಬಿಲ್ಲೆ, ಯಾರೋ ಸತ್ತವರ ಹೆಂಡತಿಯರು ಕೊಟ್ಟ ಕೈಪಿಡಿ, ತಗಡಿನ ಆಟಿಕೆ ಗಾಡಿ. ಅವತ್ತಿನ ಕೀರ್ತನೆಯ ಸಂಖ್ಯೆ ಹಾಕುತ್ತಿದ್ದ ಹಲಗೆಯ ಮೇಲೆ ಅವನು ಗಾಡಿಗಳ ಚಾಸಿ ನಂಬರು ಹಾಕಿದ್ದ. ಅಮ್ಮ ಮೊದಲ ಸಲ ನೋಡಿದಾಗ ಹೇಳಿದ್ದು ನೆನಪಿದೆಯಾ? "ಮೊದಲು ಇಲ್ಲಿ ಕೂರ್ತಿದ್ದೋರೂ ಜಾಗ ಬಿಟ್ಟು ಅಲ್ಲಾಡ್ತಿರ್ಲಿಲ್ಲ. ಇವೂ ಹಾಗೇ."

ಅಮ್ಮ ಹೇಳಿದ್ದು ಸುಳ್ಳಲ್ಲ. ಐದರಲ್ಲಿ ಒಂದಕ್ಕೆ ಎಂಜಿನ್ ಇಲ್ಲ, ಒಂದರ ಗೇರ್ ಪೀಠದ ಮೇಲೆ, ಇನ್ನೆರಡಕ್ಕೆ ಏನಿದೆ ಏನಿಲ್ಲ ಅಂತ ಅವನಿಗೂ ಗೊತ್ತಿಲ್ಲ. ಓಡುತ್ತಿದ್ದದ್ದು ಒಂದೇ. ಅದು ನಮ್ಮ ಫ್ಲಾಸಿ.

ನಿನಗೆ ಫ್ಲಾಸಿ ಅಂದರೆ ಅಮ್ಮ ಹೇಳುತ್ತಿದ್ದ ಕಥೆ. ನನಗೆ ಅದು ವಾಸನೆ. ಅಪ್ಪನ ಹೊಗೆಸೊಪ್ಪು, ಒದ್ದೆ ನಾಯಿ, ಡೀಸಲ್, ಕುರಿ. ಸತ್ತುಹೋದ ನಾಯಿಯ ಹೆಸರನ್ನು ಗಾಡಿಗೆ ಇಟ್ಟವರು ಇಡೀ ಕಣಿವೆಯಲ್ಲಿ ನಮ್ಮಪ್ಪ ಒಬ್ಬರೇ ಇರಬೇಕು. ಅರವತ್ತಮೂರರ ಆ ದೊಡ್ಡ ಹಿಮದಲ್ಲಿ ಅಮ್ಮನಿಗೆ ನಿನ್ನ ಹೆರಿಗೆ ನೋವು ಶುರುವಾದಾಗ ನನಗೆ ಆರು ವರ್ಷ. ಗೇಟಿನ ಇಳಿಜಾರು ಗಾಜಿನ ಹಾಗೆ ಗಡ್ಡೆ ಕಟ್ಟಿತ್ತು, ಗಾಡಿಯ ಚಕ್ರ ನಿಂತಲ್ಲೇ ಸುತ್ತುತ್ತಿತ್ತು. ಅಪ್ಪ ಅಡುಗೆಮನೆಗೆ ಓಡಿಬಂದು, ಹಂದಿ ಮಾಂಸಕ್ಕೆ ಹಚ್ಚಲು ಚಳಿಗಾಲಕ್ಕೆಂದು ಇಟ್ಟಿದ್ದ ಉಪ್ಪಿನ ಪೀಪಾಯಿಯನ್ನೇ ಉರುಳಿಸಿಕೊಂಡು ಹೋಗಿ, ಗಡ್ಡೆ ಕರಗಲೆಂದು ಇಳಿಜಾರಿನ ಮೇಲೆ ಸುರಿದರು. ಅಜ್ಜಿ ಬಾಗಿಲಲ್ಲಿ ನಿಂತು ಬೊಬ್ಬೆ ಹೊಡೆದಳು: "ಅಯ್ಯೋ ಪಾಪಿ, ಇಡೀ ವರ್ಷದ ಉಪ್ಪು ಕಣೋ ಅದು!" ಅಪ್ಪ ತಿರುಗಿ ನೋಡಲಿಲ್ಲ. ಫ್ಲಾಸಿ ಕಚ್ಚಿಕೊಂಡು ಹತ್ತಿತು. ನೀನು ಆಸ್ಪತ್ರೆಯ ಬಾಗಿಲಲ್ಲಿ ಹುಟ್ಟಿದೆ. "ಆ ವರ್ಷ ಹಂದಿ ಕೊಳೀತು, ಗ್ವೆನ್ನೊ ಉಳೀತು" ಅಂತ ಅಮ್ಮ ನಿನ್ನ ಪ್ರತಿ ಹುಟ್ಟುಹಬ್ಬಕ್ಕೂ ಹೇಳುತ್ತಿದ್ದರು.

ಅಪ್ಪ ಹೋದ ಮೇಲೆ ಫ್ಲಾಸಿಯನ್ನು ಮಾರಿದೆವು. ಅದನ್ನು ಇಡ್ವಾಲ್ ಎಷ್ಟೋ ವರ್ಷದ ಮೇಲೆ ಹುಡುಕಿದ್ದು ಹುಚ್ಚಿನಿಂದಲ್ಲ ಗ್ವೆನ್ನೊ, ಅಮ್ಮನ ಮೇಲಿನ ಪ್ರೀತಿಯಿಂದ. ಯಾವುದೋ ತೋಟದ ಬೇಲಿಯಲ್ಲಿ, ನೆಲದಿಂದ ಒಂದು ಮರ ಬೆಳೆದು ಗಾಡಿಯ ಮೈಯೊಳಗಿಂದ ಹೊರಗೆ ಬಂದಿತ್ತಂತೆ. ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಈ ಗಾಡಿಗಳ ಮೈ ಅಲ್ಯೂಮಿನಿಯಂ, ತುಕ್ಕು ಹಿಡಿಯುವುದಿಲ್ಲ. ಆದರೆ ಇಡೀ ಗಾಡಿಯನ್ನು ಹೊರುವ ಕೆಳಗಿನ ಚೌಕಟ್ಟು, ಚಾಸಿ, ಉಕ್ಕು; ಅದಕ್ಕೆ ತುಕ್ಕು ಹಿಡಿಯುತ್ತದೆ. ಈಗಿನವರು ಹಳೆ ಚಾಸಿ ಬಿಸಾಕಿ ಸತು ಹಚ್ಚಿದ ಹೊಸದು ಹಾಕಿಸಿಬಿಡುತ್ತಾರೆ. ಇಡ್ವಾಲ್ ಒಪ್ಪಲಿಲ್ಲ. "ಅದನ್ನ ತೆಗೆದ್ರೆ ಇದು ನಿಮ್ಮಪ್ಪನ ಗಾಡೀನೇ ಅಲ್ಲ" ಅಂದ. ಅಂಗೈ ಅಗಲದ ತುಂಡುಗಳನ್ನು ಬೆಸೆದು ಬೆಸೆದು ಅಪ್ಪನ ಚಾಸಿಯನ್ನೇ ಉಳಿಸಿದ. ಆ ವರ್ಷಗಳಲ್ಲಿ ನಾನು ಅಂದ ಮಾತುಗಳು ಒಂದೆರಡಲ್ಲ. "ನನ್ನ ಮೈಗೂ ಒಂದ್ಸಲ ಇಷ್ಟು ಎಣ್ಣೆ ಹಚ್ಚಿದ್ರೆ ನಾನೂ ಹೊಸಬಳಾಗ್ತಿದ್ದೆ" ಅಂತಿದ್ದೆ. ಅವನು ಗಾಡಿಯ ಕೆಳಗಿಂದಲೇ, "ನಿಂಗೆ ಬಿಡಿಭಾಗ ಸಿಗಲ್ಲ ಕಣೇ, ಹುಷಾರಾಗಿರು" ಅನ್ನುತ್ತಿದ್ದ.

ಆಮೇಲೆ ನಾನೂ ಕೆಟ್ಟೆ. ಹೇಗೆ ಅಂತ ಗೊತ್ತಿಲ್ಲ. ಮೇಲಿನ ಕ್ಯಾನ್ವಾಸ್ ಹೊದಿಕೆ ಹರಿದಿತ್ತು ಅಂತ ಹೊಲಿದುಕೊಟ್ಟೆ. ಹೊಲಿಗೆ ಹಳೆ ಕಾಲದ್ದರ ಹಾಗೇ ಇದೆ ಅಂತ ಅವನ ಗೆಳೆಯ ಎಮ್ಲಿನ್ ಹೊಗಳಿದ. ಎಮ್ಲಿನ್ ಗೊತ್ತಲ್ಲ, ಅವನ ಬಳಿ ಎಂಟು ಗಾಡಿ, ಹೆಂಡತಿ ಇಲ್ಲ. ಹೊಗಳಿಕೆ ತಲೆಗೇರಿತು. ಹಳೆ ಬಿಡಿಭಾಗಗಳ ಸಂತೆಯಲ್ಲಿ ಫ್ಲಾಸಿಗೆ ಬೇಕಿದ್ದ ಹಿತ್ತಾಳೆ ಫಲಕ ನನ್ನ ಕಣ್ಣಿಗೇ ಮೊದಲು ಬಿತ್ತು. ಅದಕ್ಕೆ ಕೈಚಾಚಿದ್ದ ಒಬ್ಬ ದೊಡ್ಡ ಮನುಷ್ಯನನ್ನು ಮೊಣಕೈಯಲ್ಲಿ ತಿವಿದು ಕಿತ್ತುಕೊಂಡು ಬಂದೆ. ಹೋದ ಆಗಸ್ಟಿನ ಪ್ರದರ್ಶನದಲ್ಲಿ ಫ್ಲಾಸಿಗೆ ಎರಡನೇ ಬಹುಮಾನ ಬಂತು, ಎರಡು ತಿರುಪು ಆ ಕಾಲದವಲ್ಲ ಅಂತ. ಇಡ್ವಾಲ್ ನಕ್ಕು ಬಿಯರ್ ಕುಡಿಯಲು ಹೋದ. ನಾನು ಮನೆ ತಲುಪುವವರೆಗೂ ತೀರ್ಪುಗಾರನಿಗೆ ಹಿಡಿಶಾಪ ಹಾಕಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನಾನು ಹೆರದೆಯೇ ಹಾಗಾಗಿದ್ದೆ.

ಅಮ್ಮನನ್ನು ಅದರಲ್ಲಿ ಕೂರಿಸಿದ ದಿನದ ಫೋಟೋ ನಿನಗೆ ಕಳಿಸಿದ್ದೆ. ಫೋಟೋದಲ್ಲಿ ಮಾತು ಕೇಳಿಸುವುದಿಲ್ಲ. ಅಮ್ಮ ಮೂಗು ಎಳೆದು ವಾಸನೆ ನೋಡಿ, "ಕುರಿ ಎಲ್ಲೋಯ್ತು?" ಅಂದರು. ಆಮೇಲೆ ಬಾಗಿಲು ಸವರಿ, "ಚೆನ್ನಾಗಿದೆ ಕಣೋ ಇಡ್ವಾಲ್. ಮದುವಣಗಿತ್ತಿ ಹಾಗಿದೆ. ಕೆಲಸ ಮಾಡತ್ತಾ?" ಅಂದರು. "ಮಾಡತ್ತೆ ಅತ್ತೆ, ನೀವು ಹೇಳಿದ ದಿನ" ಅಂದ ಅವನು. ಅಮ್ಮ ಅದನ್ನು ನಂಬಿಕೊಂಡರು.

ಕೈ ನೋಯುತ್ತಿದೆ. ನಾಳೆ ಮುಂದುವರಿಸುತ್ತೇನೆ.

ಬುಧವಾರ

ನಾಳೆ ಅಂದವಳು ಇವತ್ತು ಬಂದೆ. ಈ ಕಾಗದ ಅಡುಗೆಮನೆ ಮೇಜಿನ ಮೇಲೆ ಬಿದ್ದೇ ಇತ್ತು. ಇಡ್ವಾಲ್ ಅದರ ಮೇಲೆ ಬಟ್ಟಲು ಕೂಡ ಇಡದೆ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ. ಒಂದು ಸಾಲನ್ನೂ ಓದಿಲ್ಲ, ನನಗೆ ಗೊತ್ತು.

ಆ ಜನವರಿಯ ಬೆಳಿಗ್ಗೆಯ ಬಗ್ಗೆ ನಿನಗೆ ಫೋನಿನಲ್ಲಿ ಅರ್ಧ ಹೇಳಿದ್ದೆ, ಇನ್ನರ್ಧ ಬ್ಲಾದ್ವೆನ್ ಹೇಳಿದ್ದಾಳೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಓಟ್ಸ್ ಗಂಜಿ ಒಲೆಯ ಮೇಲಿತ್ತು. ವೃದ್ಧಾಶ್ರಮದಿಂದ ನರ್ಸು ಮಾರ್ಗೆಡ್ ಫೋನು ಮಾಡಿದಳು. "ಅಮ್ಮನ ಉಸಿರು ಯಾಕೋ ಬದಲಾಗಿದೆ ನೆಸ್ಟಾ. ಬರೋಕಾದ್ರೆ ಬನ್ನಿ. ರಸ್ತೆ ಹೀಗಿದೆ, ಬನ್ನಿ ಅಂತ ಹೇಳೋಕೂ ನಂಗೆ ಹೆದರಿಕೆ." ಇಂಥ ಫೋನು ಶರತ್ಕಾಲದಲ್ಲೂ ಎರಡು ಸಲ ಬಂದಿತ್ತು. ಎರಡು ಸಲವೂ ನಾವು ಎದ್ದುಬಿದ್ದು ಓಡಿದ್ದೆವು, ಎರಡು ಸಲವೂ ಅಮ್ಮ ದಿಂಬಿಗೆ ಒರಗಿ ಕೂತು ಚಾ ಕುಡಿಯುತ್ತ, "ಏನ್ ಮುಖ ಇದು? ಯಾರು ಸತ್ರು?" ಅಂತ ಕೇಳಿದ್ದರು.

ಮೊದಲು ನಮ್ಮ ಪುಟ್ಟ ಕಾರು ತೆಗೆದೆವು. ಅದು ಚಾಪೆಲ್ ಇಳಿಜಾರಿನಲ್ಲಿ ಜಾರಿ ಬೇಲಿಗೆ ಮೂಗು ತೂರಿಸಿ ಕೂತಿತು. ಮೇಲಿನ ತೋಟದ ರೀಸ್‌ಗೆ ಫೋನು ಮಾಡಿದರೆ ಅವನ ಹೆಂಡತಿ, "ಹಿಮದಲ್ಲಿ ಹೂತೋದ ಕುರಿ ಹುಡುಕೋಕೆ ಟ್ರ್ಯಾಕ್ಟರ್ ತಗೊಂಡು ಬೆಟ್ಟಕ್ಕೆ ಹೋಗಿದ್ದಾನೆ" ಅಂದಳು. ಉಳಿದದ್ದು ಫ್ಲಾಸಿ. ಇಡ್ವಾಲ್ ಚಾಪೆಲ್ಲಿನ ದೊಡ್ಡ ಬಾಗಿಲು ತೆಗೆದ. ಫ್ಲಾಸಿ ಮೊದಲ ಎಳೆತಕ್ಕೇ ಚಾಲು ಆಯಿತು.

ಅಷ್ಟು ಹೊತ್ತಿಗೆ ಕೆಳಗೆ ದೊಡ್ಡ ರಸ್ತೆಯಲ್ಲಿ ಉಪ್ಪು ಹಾಕುವ ಲಾರಿ ಹೋಗಿತ್ತು. ಹಿಮವೆಲ್ಲ ಕರಗಿ ಬೂದು ಬಣ್ಣದ ಗಂಜಿಯಾಗಿತ್ತು, ಅಂಚಿನಲ್ಲಿ ಉಪ್ಪಿನ ಹರಳು ಕಾಣುವಷ್ಟು ಸುರಿದಿದ್ದರು. ಆ ನೀರು ಹಳೆ ಚಾಸಿಯ ಒಳಗೆ ಒಮ್ಮೆ ಹೊಕ್ಕರೆ ಮುಗಿಯಿತು, ತೊಳೆದರೂ ಹೋಗುವುದಿಲ್ಲ, ಒಳಗಿನಿಂದ ತಿನ್ನುತ್ತದೆ. ಈ ಹುಚ್ಚಿನವರಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಗಾಡಿ ಹೊರಗೆ ತೆಗೆಯುವವರನ್ನು ಕೊಲೆಗಾರರ ಹಾಗೆ ನೋಡುತ್ತಾರೆ. ಹಿಮದಲ್ಲಿ ಓಡಲೆಂದೇ ಮಾಡಿದ ಗಾಡಿಗಳೆಲ್ಲ ಹಿಮ ಬಿದ್ದ ದಿನ ಕಂಬಳಿ ಹೊದ್ದು ಮಲಗಿರುತ್ತವೆ. ನಗು ಬರುತ್ತದೆಯಲ್ಲವಾ? ನನಗೂ ಬರುತ್ತಿತ್ತು.

ಉಪ್ಪಿನ ಮಾತು ಬಂತು. ಮಧ್ಯಾಹ್ನದ ಮೇಲೆ ಮಳೆ, ರಸ್ತೆಯೆಲ್ಲ ತೊಳೆದುಹೋಗುತ್ತದೆ ಅಂತ ರೇಡಿಯೋದಲ್ಲಿ ಹೇಳಿದ್ದರು. ಎಂಜಿನ್ ಆರಿತು. ನಾವು ಒಳಗೆ ಬಂದು ಕೂತು ಆರಿದ ಗಂಜಿ ತಿಂದೆವು. ಕಾದೆವು.

ಮಳೆ ಬಂತು, ಹೇಳಿದ ಹಾಗೆಯೇ ಬಂತು. ಹೊರಟೆವು. ಬೆಟ್ಟದ ತಿರುವಿನಲ್ಲಿ ಫ್ಲಾಸಿ ಒಮ್ಮೆಯೂ ಜಾರಲಿಲ್ಲ ಗ್ವೆನ್ನೊ, ಒಂದೇ ಒಂದು ಸಲವೂ ಜಾರಲಿಲ್ಲ. ಮಾರ್ಗೆಡ್ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು. "ಮಳೆ ಶುರುವಾಗೋ ಹೊತ್ತಿಗೆ ಹೋದ್ರು. ನೋವೇನೂ ಇರ್ಲಿಲ್ಲ" ಅಂದಳು. ಆಮೇಲೆ ನನ್ನ ಕೋಟು ಬಿಚ್ಚಿಸುತ್ತ, ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ ಅಂತ ಇರಬೇಕು, "ಬೆಳಗ್ಗೆಯೆಲ್ಲ ಒಂದೇ ಮಾತು. ‘ಹಿಮ ಬಿದ್ರೆ ಏನಂತೆ, ಅವ್ರ ಹತ್ರ ಫ್ಲಾಸಿ ಇದೆ, ಬರ್ತಾರೆ’ ಅಂತ. ಫ್ಲಾಸಿ ಅಂದ್ರೆ ಮೊಮ್ಮಗಳಾ?" ಅಂತ ಕೇಳಿದಳು.

ಇಡ್ವಾಲ್ ಹೊರಗೆ ಹೋಗಿ ಮಳೆಯಲ್ಲಿ ನಿಂತ. ನಾನು "ಹೂಂ" ಅಂದೆ.

ಮಣ್ಣು ಮಾಡಿದ ದಿನದ್ದು ನಿನಗೆ ಗೊತ್ತಿರುವುದೇ. ಸಭಾಂಗಣದಲ್ಲಿ ಚಹಾ, ಹ್ಯಾಮ್ ಸ್ಯಾಂಡ್‌ವಿಚ್, ಒಣದ್ರಾಕ್ಷಿ ಹಾಕಿದ ಬಾರಾ ಬ್ರಿತ್ ಬ್ರೆಡ್ಡು. ಅಮ್ಮ ಇದ್ದಿದ್ದರೆ "ದ್ರಾಕ್ಷಿಗೆ ಇಷ್ಟು ಜಿಪುಣತನ ಯಾಕೆ" ಅನ್ನುತ್ತಿದ್ದರು. ನೀನು ಎರಡು ವಿಮಾನ ಬದಲಿಸಿ ಬಂದು ಕಣ್ಣು ಊದಿಸಿಕೊಂಡು ಕೂತಿದ್ದೆ. ಆಗಲೇ ಬ್ಲಾದ್ವೆನ್ ಪಕ್ಕದವಳಿಗೆ, "ರಸ್ತೆಗೆ ಉಪ್ಪು ಹಾಕಿದ್ರಲ್ಲ, ಇಡ್ವಾಲ್ ಗಾಡಿ ತೆಗೀತಾನಾ? ಅತ್ತೆ ಸತ್ರೂ ತೆಗಿಯಲ್ಲ!" ಅಂದಳು. ಅವಳಿಗೆ ಪಿಸುಮಾತು ಬರುವುದಿಲ್ಲ. ನೀನು ಎದ್ದು ನೇರ ಅವನ ಮುಂದೆ ಹೋಗಿ ನಿಂತೆ. "ಹೌದಾ ಭಾವ? ಉಪ್ಪಿಗೆ ಹೆದರಿ ಗಾಡಿ ತೆಗೀಲಿಲ್ವಾ?" ಇಡೀ ಸಭಾಂಗಣ ಅಗಿಯುವುದನ್ನು ನಿಲ್ಲಿಸಿತು. ಅವನು ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟು, "ಹೌದು" ಅಂದ. ನಾನು ದೊಡ್ಡ ಕೆಟಲ್ ಹಿಡಿದು ಯಾರ ಲೋಟಕ್ಕೋ ಚಹಾ ಬಗ್ಗಿಸುತ್ತಿದ್ದೆ. ಬಗ್ಗಿಸುತ್ತಲೇ ಇದ್ದೆ, ತಟ್ಟೆ ತುಂಬಿ ಮೇಜಿನ ಬಟ್ಟೆ ನೆನೆಯಿತು. ನೀನು ಮರುದಿನವೇ ಹೊರಟುಹೋದೆ.

ಈಗ ಅವನ ಸುದ್ದಿ ಕೇಳು. ಅವತ್ತಿನಿಂದ ಅವನು ಫ್ಲಾಸಿಯನ್ನು ಚಾಪೆಲ್ ಒಳಗೆ ಬಿಟ್ಟಿಲ್ಲ. ಫೆಬ್ರವರಿ, ಮಾರ್ಚು ಪೂರ್ತಿ, ಉಪ್ಪು ಹಾಕಿದ ರಸ್ತೆಯಲ್ಲೇ ಓಡಿಸಿದ. ಹಾಲಿಗೆ, ಪೇಪರಿಗೆ, ಸುಮ್ಮಸುಮ್ಮನೆ. ಈಗ ದಿನಾ ಸಮುದ್ರದ ದಂಡೆಗೆ ಇಳಿಸಿ ಅಲೆ ಚಕ್ರಕ್ಕೆ ಬಡಿಯುವಲ್ಲಿ ನಿಲ್ಲಿಸಿಕೊಂಡು ಕೂರುತ್ತಾನೆ. ಎಮ್ಲಿನ್ ಒಂದು ದಿನ ಪ್ಯಾಂಟು ಮಡಚಿಕೊಂಡು ನೀರಿಗೇ ಇಳಿದು ಕೂಗಾಡಿದ. ನಾನು ದಂಡೆಯ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆ.

"ಲೇ, ತಲೆ ಕೆಟ್ಟಿದೆಯಾ ನಿಂಗೆ? ಮೂಲ ಚಾಸಿ ಇರೋವು ಇಡೀ ದೇಶದಲ್ಲಿ ಎಷ್ಟು ಉಳ್ದಿವೆ ಗೊತ್ತಾ?"

"ಒಂದು ಕಮ್ಮಿ ಆಗತ್ತೆ ಬಿಡು."

"ನಂಗೆ ಕೊಡು ಮಾರಾಯ. ಸಾಯಿಸ್ಬೇಡ, ನಂಗೆ ಕೊಟ್ಬಿಡು."

"ಗಾಡಿ ಕಣೋ ಇದು. ದೇವ್ರು ಅಂದ್ಕೊಂಡಿದ್ವಲ್ಲ, ಅದೇ ತಪ್ಪಾಗಿದ್ದು."

ಎಮ್ಲಿನ್ ನನ್ನ ಹತ್ತಿರ ಬಂದು, "ನೀನಾದ್ರೂ ಹೇಳು ನೆಸ್ಟಾ, ನಿನ್ನ ಕೈಯಾರೆ ಹೊಲಿದ ಹೊದಿಕೆ ಕಣೇ ಅದು" ಅಂದ. ನಾನು ಅವನ ಬೂಟು ಎತ್ತಿ ಕೊಟ್ಟೆ. ಅವನು ಒದ್ದೆ ಕಾಲಲ್ಲಿ ಬೂಟು ಹಾಕಿಕೊಂಡು ಹೋದ.

ಬಾಗಿಲ ಕೆಳಗೆ ಈಗ ಕಂದು ಗೆರೆ ಇಳಿದಿದೆ. ಒಂದು ದಿನ ಸಹಿಸಲಾರದೆ ಬಕೆಟ್ಟು, ಬಟ್ಟೆ ತೆಗೆದುಕೊಂಡು ತೊಳೆಯಲು ಹೋದೆ. ಅವನು ಬಂದು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡ. "ಬಿಡು ನೆಸ್ಟಾ" ಅಂದ, ಅಷ್ಟೇ. ಬೈದಿದ್ದರೆ ವಾಸಿ ಇತ್ತು. ಎನಾಮಲ್ ಫಲಕ, ಎಣ್ಣೆ ಡಬ್ಬಿ, ಹಿತ್ತಾಳೆ ಬಿಲ್ಲೆಗಳನ್ನೆಲ್ಲ ಒಂದೊಂದಾಗಿ ಎಮ್ಲಿನ್‌ಗೂ ಹಳೆ ಗಾಡಿಗಳ ಕ್ಲಬ್ಬಿನವರಿಗೂ ಕೊಟ್ಟುಬಿಟ್ಟಿದ್ದಾನೆ. ಗೋಡೆಯ ಮೇಲೆ ಅವು ಇದ್ದ ಜಾಗದ ಗುರುತು ಮಾತ್ರ ಇದೆ. ಕೀರ್ತನೆಯ ಹಲಗೆಯಲ್ಲಿ ಒಂದು ಅಂಕಿಯೂ ಇಲ್ಲ.

ಸೆಪ್ಟೆಂಬರಿನ ಮಾತು ಎತ್ತಿದೆ. ಅವನು ಆಲೂಗೆಡ್ಡೆ ಸುಲಿಯುತ್ತಿದ್ದ. "ಅವತ್ತು ನಾನು ಎಲ್ಲಾದ್ರೂ ಹೋಗಿರ್ತೀನಿ. ನೀವಿಬ್ರೂ ನಿಂತ್ಕೊಳ್ಳಿ. ಕಲ್ಲು ನೆಟ್ಟಗೆ ನಿಲ್ಲಿಸ್ತಾರಾ ನೋಡ್ಕೊ, ಆ ಜಾಗ ಒಂಚೂರು ಇಳಿಜಾರು" ಅಂದ. ಅಮ್ಮನ ಸಮಾಧಿಗೆ ವಾರಕ್ಕೊಮ್ಮೆ ಹೋಗಿ ಹುಲ್ಲು ಕೀಳುತ್ತಿರುವುದು ಅವನೇ ಗ್ವೆನ್ನೊ. ನೀನು ಅದನ್ನು ತಿಳಿಯಬೇಕು. ಅತ್ತೆ ಅಳಿಯ ಹೇಗಿದ್ದರು ಅಂತ ನೀನೂ ನೋಡಿದ್ದೀಯ. ವೃದ್ಧಾಶ್ರಮಕ್ಕೆ ಸೇರಿಸಿದ ದಿನ ನಾನು ಅತ್ತು ಕಾರಿನಲ್ಲೇ ಕೂತಿದ್ದೆ, ಅಮ್ಮನ ಚಪ್ಪಲಿ ಜೋಡಿಸಿಟ್ಟು ಹಾಸಿಗೆ ಸರಿಮಾಡಿ ಬಂದವನು ಅವನು.

ಅವನನ್ನು ಅಲ್ಲಿ ನಿಲ್ಲಲು ಬಿಡು. ನಿನ್ನ ಕಾಲಿಗೆ ಬೀಳು ಅಂದರೆ ಬೀಳುತ್ತೇನೆ, ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲದಿದ್ದರೂ. ಅವನಿಲ್ಲದೆ ಆ ಕಲ್ಲಿನ ಮುಂದೆ ನಿಲ್ಲಲು ನನ್ನಿಂದಾಗದು.

ಮಂಡಿಗೆ ಬಿಸಿನೀರಿನ ಚೀಲ ಮರೆಯದೆ ಇಟ್ಟುಕೊ. ಬ್ರೆಟ್‌ನ ಬೆನ್ನಿಗೂ, ನಿನ್ನ ಮಕ್ಕಳಿಗೂ, ನಿನ್ನ ಕುರಿಗಳಿಗೂ ದೇವರು ಒಳ್ಳೆಯದು ಮಾಡಲಿ. ನಿನ್ನ ಬಾಗಿಲಿಗೆ ಬರುವ ಚಳಿಗಾಲ ಮೃದುವಾಗಿರಲಿ, ದಾರಿ ಯಾವತ್ತೂ ತೆರೆದಿರಲಿ. ಅಮ್ಮ ಇದ್ದಿದ್ದರೆ ಇನ್ನೂ ಚೆನ್ನಾಗಿ ಹರಸುತ್ತಿದ್ದರು.

ನಿನ್ನ ಅಕ್ಕ,
ನೆಸ್ಟಾ

ತಾ.ಕ.: ಸಹಿ ಹಾಕಿ, ಲಕೋಟೆ ಅಂಟಿಸಿ, ಅಂಚೆಪೆಟ್ಟಿಗೆಯವರೆಗೆ ಹೋಗಿ ವಾಪಸು ಬಂದೆ. ಲಕೋಟೆ ಹರಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ ಅಂತ ಮೇಲೆ ಬರೆದಿದ್ದೇನಲ್ಲ, ಬರೆದಿಲ್ಲ.

ಆ ಬೆಳಿಗ್ಗೆ ಇಡ್ವಾಲ್ ಉಪ್ಪಿನ ಹೆಸರನ್ನೇ ಎತ್ತಲಿಲ್ಲ. ಫ್ಲಾಸಿಯನ್ನು ಚಾಪೆಲ್ ಬಾಗಿಲಿಗೆ ತಂದು, ಕೂತಲ್ಲಿಂದಲೇ ಬಗ್ಗಿ ನನ್ನ ಕಡೆಯ ಬಾಗಿಲು ತೆಗೆದು ಹಿಡಿದು, "ಹತ್ತು ಹತ್ತು" ಅಂದ. ಅವನ ಇನ್ನೊಂದು ಕೈ ಗೇರಿನ ಮೇಲಿತ್ತು. ನಾನು ರಸ್ತೆ ನೋಡಿದೆ. "ಉಪ್ಪು ಕಣೋ, ಹೇಗೆ ಸುರಿದಿದಾರೆ ನೋಡು. ಚಾಸಿ ಏನಾಗತ್ತೆ? ಆಗಸ್ಟಿಗೆ ಶೋ ಇದೆ" ಅಂದೆ. ಅವನು, "ನೆಸ್ಟಾ, ಅಮ್ಮ ಕಣೇ" ಅಂದ. ನಾನು, "ಹೋದ ಸಲವೂ ಹೀಗೇ ಓಡಿಸಿದ್ರು. ಮಳೆ ಬರ್ಲಿ ಇರು" ಅಂದು ಕೈ ಹಾಕಿ ಕೀಲಿ ತಿರುಗಿಸಿದೆ. ಎಂಜಿನ್ ಆರಿತು ಅಂತ ಬರೆದಿದ್ದೇನೆ ನೋಡು. ಆರಿಸಿದವಳು ನಾನು.

ಸಭಾಂಗಣದಿಂದ ಮನೆಗೆ ಬಂದ ಮೇಲೆ ಕೇಳಿದೆ, "ಯಾಕೆ ಹೌದು ಅಂದೆ?" ಅಂತ. ಬೂಟು ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. "ಭಾವ ಇಲ್ದಿದ್ರೂ ಅವಳಿಗೆ ನಡೆಯತ್ತೆ. ಇನ್ನು ಅವಳಿಗಿರೋದು ಅಕ್ಕ ಒಬ್ಳೇ" ಅಂದ. ನಾನು ಅದನ್ನು ಹಾಗೇ ಇಟ್ಟುಕೊಂಡೆ, ಇವತ್ತಿನವರೆಗೆ.

ಕಲ್ಲು ನಿಲ್ಲಿಸುವ ದಿನ ಅಮ್ಮನ ಹತ್ತಿರ ಯಾರು ನಿಲ್ಲಬಾರದು ಅಂತ ಈಗ ಇನ್ನೊಂದು ಕಾಗದ ಬರೆ, ಗ್ವೆನ್ನೊ. ಈ ಸಲ ನನ್ನ ಹೆಸರಿಗೆ ಬರೆ.